ಹಳೆಯ ಮಷೀನು, ಹೊಸ ಕೇಸು: ನಮ್ಮ ವಾಚುಗಳ ಸಮಯಪಾಲನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ನಮ್ಮ ಕಾರ್ಯಾಗಾರದಲ್ಲಿ ವಾಚಿನ ಕೇಸು, ಡಯಲ್ ಮತ್ತು ಮುಳ್ಳುಗಳನ್ನು ಕೈಯಿಂದ ಹೊಸದಾಗಿ ಮಾಡುತ್ತೇವೆ. ಒಳಗೆ ಕೂರಿಸುವ ಮಷೀನು ಮಾತ್ರ ಹಳೆಯದು, ಬಹುಪಾಲು ಎಚ್‌ಎಂಟಿಯ ಕೀ ಕೊಡುವ ಮಷೀನು. ಕೊಳ್ಳುವ ಮುನ್ನವೂ ಕೊಂಡ ನಂತರವೂ ಗ್ರಾಹಕರು ಹೆಚ್ಚಾಗಿ ಕೇಳುವುದು ಒಂದೇ ವಿಷಯ: ಇದು ಸರಿಯಾದ ಸಮಯ ತೋರಿಸುತ್ತದೆಯೇ? ಈ ಪ್ರಶ್ನೆಗೆ ಹೌದು, ಇಲ್ಲ ಎಂದಷ್ಟೇ ಉತ್ತರಿಸುವುದು ಪ್ರಾಮಾಣಿಕವಾಗದ ಕಾರಣ ಸ್ವಲ್ಪ ವಿಸ್ತಾರವಾಗಿಯೇ ಬರೆದಿದ್ದೇವೆ.

ಈ ವಾಚು ದಿನಕ್ಕೆ ಎಷ್ಟು ಸೆಕೆಂಡು ಹಿಂದೆ ಮುಂದೆ ಆಗಬಹುದು?

ಗಂಡಸರ ಅಳತೆಯ, ಕೀ ಕೊಡುವ ಮಷೀನಿರುವ ವಾಚಿಗೆ ನಾವು ಒಪ್ಪಿಕೊಂಡಿರುವ ಮಿತಿ ದಿನಕ್ಕೆ 15 ಸೆಕೆಂಡು ಹಿಂದೆ, 30 ಸೆಕೆಂಡು ಮುಂದೆ. ಪ್ರತಿದಿನ ಬೆಳಿಗ್ಗೆ ಪೂರ್ತಿ ಕೀ ಕೊಟ್ಟು, ಹಗಲು ಕೈಗೆ ಕಟ್ಟಿ, ರಾತ್ರಿ ಒಂದೇ ಭಂಗಿಯಲ್ಲಿ ಇಟ್ಟು, ಒಂದು ವಾರ ಗಮನಿಸಿ ತೆಗೆದ ದಿನದ ಸರಾಸರಿಗೆ ಈ ಮಿತಿ ಅನ್ವಯಿಸುತ್ತದೆಯೇ ಹೊರತು ಯಾವುದೋ ಒಂದು ದಿನದ ಅಂಕಿಗಲ್ಲ. ಮಿತಿ ಮುಂದಿನ ಕಡೆಗೆ ವಾಲಿರುವುದು ಉದ್ದೇಶಪೂರ್ವಕವಾಗಿಯೇ. ಬೆಳಿಗ್ಗೆ ಬೆಂಗಳೂರಿನ ರೈಲು ಹಿಡಿಯುವವರಿಗೆ ಅರ್ಧ ನಿಮಿಷ ಮುಂದಿರುವ ವಾಚಿನಿಂದ ನಷ್ಟವೇನಿಲ್ಲ, ಅರ್ಧ ನಿಮಿಷ ಹಿಂದಿರುವ ವಾಚಿನಿಂದ ರೈಲೇ ತಪ್ಪಬಹುದು.

ಆದರೆ ನಮ್ಮ ದೃಷ್ಟಿಯಲ್ಲಿ ಈ ಅಂಕಿಗಿಂತ ಮುಖ್ಯವಾದುದು ಮತ್ತೊಂದಿದೆ. ಪ್ರತಿದಿನವೂ 12 ಸೆಕೆಂಡು ಮುಂದೆ ಹೋಗುವ ವಾಚು ಒಳ್ಳೆಯ ವಾಚು. ಇಂದು 2 ಸೆಕೆಂಡು ಮುಂದೆ, ನಾಳೆ 15 ಸೆಕೆಂಡು ಹಿಂದೆ, ನಾಡಿದ್ದು ಸರಿಯಾಗಿ ಓಡುವ ವಾಚು, ಸರಾಸರಿಯಲ್ಲಿ ಎಷ್ಟೇ ಅಂದವಾಗಿ ಕಂಡರೂ, ಒಳಗೆ ಏನೋ ದೋಷವಿರುವ ವಾಚು. ಮೊದಲನೆಯದನ್ನು, ಓಟವನ್ನು ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್ ಎಂಬ ಒಳಗಿನ ಪುಟ್ಟ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ ತಿದ್ದಬಹುದು. ಎರಡನೆಯದನ್ನು ಬಿಚ್ಚಿ ನೋಡದೆ ಏನೂ ಮಾಡಲಾಗದು. ಮುಂದಿನ ಉತ್ತರಗಳಲ್ಲೆಲ್ಲ ಈ ವ್ಯತ್ಯಾಸವೇ ಮತ್ತೆ ಮತ್ತೆ ಬರುತ್ತದೆ.

ದಿನಕ್ಕೆ 30 ಸೆಕೆಂಡು ಎಂದರೆ ಬಹಳ ಹೆಚ್ಚಲ್ಲವೇ?

ಕೇಳಲು ಹೆಚ್ಚೆನಿಸುತ್ತದೆ, ಲೆಕ್ಕ ಹಾಕಿದರೆ ಹಾಗೆನಿಸುವುದಿಲ್ಲ. ದಿನವೊಂದಕ್ಕೆ 86,400 ಸೆಕೆಂಡುಗಳು. ನಾವು ಹೆಚ್ಚಾಗಿ ಬಳಸುವ ಮಷೀನುಗಳ ಬಡಿತ ಗಂಟೆಗೆ 18,000, ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ವಾಚು ದಿನಕ್ಕೆ 10 ಸೆಕೆಂಡು ಮುಂದೆ ಹೋಯಿತೆಂದರೆ ಈ 4,32,000 ಬಡಿತಗಳ ಮೇಲೆ ಸುಮಾರು 50 ಬಡಿತ ಹೆಚ್ಚಾಗಿವೆ ಎಂದರ್ಥ. 30 ಸೆಕೆಂಡಿನ ವ್ಯತ್ಯಾಸವೂ ಶೇಕಡಾ 0.035ರಷ್ಟೇ. ಬ್ಯಾಟರಿಯಿಲ್ಲದೆ, ಸುರುಳಿ ಸುತ್ತಿದ ಒಂದು ಉಕ್ಕಿನ ಪಟ್ಟಿಯ ಬಲದಿಂದ ಓಡುವ, ದಿನವಿಡೀ ಕೈಯೊಂದಿಗೆ ಅಲುಗಾಡುವ ಯಂತ್ರದಿಂದ ಇದಕ್ಕಿಂತ ಹೆಚ್ಚು ಬಯಸಬಾರದೆಂದಲ್ಲ. ಬಯಸುವ ಮುನ್ನ ಅದು ಮಾಡುತ್ತಿರುವ ಕೆಲಸ ಎಷ್ಟೆಂದು ತಿಳಿದಿರಲಿ ಎಂದಷ್ಟೇ ನಮ್ಮ ಕೋರಿಕೆ.

ಕೆಲವೇ ನೂರು ರೂಪಾಯಿಯ ಬ್ಯಾಟರಿ ವಾಚು ಇದಕ್ಕಿಂತ ಸರಿಯಾಗಿ ಓಡುವುದೇಕೆ?

ಅದರಲ್ಲಿ ಸಮಯ ಅಳೆಯುವುದು ಸೆಕೆಂಡಿಗೆ 32,768 ಬಾರಿ ಕಂಪಿಸುವ ಕ್ವಾರ್ಟ್ಜ್ ಹರಳು. ಸಾಮಾನ್ಯ ಕ್ವಾರ್ಟ್ಜ್ ವಾಚು ತಿಂಗಳಿಗೆ 15 ಸೆಕೆಂಡಿನ ಆಸುಪಾಸಿನಲ್ಲಿ ತಪ್ಪುತ್ತದೆ. ನಮ್ಮದು ಒಂದು ದಿನದಲ್ಲೇ ಅಷ್ಟು ತಪ್ಪಬಹುದು. ಈ ಪೈಪೋಟಿಯಲ್ಲಿ ಕೀ ಕೊಡುವ ವಾಚು ಗೆಲ್ಲುವುದಿಲ್ಲ, ಗೆಲ್ಲುತ್ತದೆಂದು ನಾವು ಎಲ್ಲಿಯೂ ಹೇಳಿಕೊಂಡಿಲ್ಲ. ಸೆಕೆಂಡಿನ ಲೆಕ್ಕವೇ ನಿಮ್ಮ ಕೆಲಸಕ್ಕೆ ಮುಖ್ಯವಾಗಿದ್ದರೆ ದಯವಿಟ್ಟು ಬ್ಯಾಟರಿ ವಾಚನ್ನೇ ಕೊಳ್ಳಿ.

ನೀವು ಬಳಸುವ ಹಳೆಯ ಮಷೀನುಗಳು ಎಲ್ಲಿಯವು?

ಎಚ್‌ಎಂಟಿ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆಗೆ ಕೈಹಾಕಿತು. 1970ರ ದಶಕದ ಕೊನೆಗೆ ತುಮಕೂರಿನಲ್ಲಿಯೂ ಅದರ ವಾಚು ಕಾರ್ಖಾನೆ ತಲೆಯೆತ್ತಿತು. ಜನತಾ, ಪೈಲಟ್, ಕೊಹಿನೂರ್, ಸೋನಾ, ಕಾಂಚನ್ ಮೊದಲಾದ ಹೆಸರುಗಳು ಈ ಜಿಲ್ಲೆಯ ಮನೆಮನೆಗೂ ಪರಿಚಿತ. ಮದುವೆಯಲ್ಲಿ ಅಳಿಯನಿಗೆ ಕೊಟ್ಟದ್ದು, ನಿವೃತ್ತಿಯ ದಿನ ಸಹೋದ್ಯೋಗಿಗಳು ಕಟ್ಟಿದ್ದು, ಹೀಗೆ ಅನೇಕ ವಾಚುಗಳು ಇಂದಿಗೂ ಬೀರುವಿನಲ್ಲಿವೆ. ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚುವ ತೀರ್ಮಾನ ಕೇಂದ್ರ ಸರ್ಕಾರದಿಂದ 2016ರಲ್ಲಿ ಹೊರಬಿತ್ತು, ತುಮಕೂರು ಕಾರ್ಖಾನೆಯ ಜಾಗ ಇಸ್ರೊ ಪಾಲಾಯಿತು. ಮಷೀನುಗಳು ಮಾತ್ರ ಲಕ್ಷಗಟ್ಟಲೆ ಉಳಿದಿವೆ.

ನಮಗೆ ಸಿಗುವ ಮಷೀನುಗಳಲ್ಲಿ ಎರಡು ಬಗೆ. ಒಂದು, ವಾಚಿನಲ್ಲಿ ಒಮ್ಮೆಯೂ ಓಡದೆ ಡಬ್ಬಿಯಲ್ಲೇ ಉಳಿದದ್ದು. ಇನ್ನೊಂದು, ಯಾರದೋ ಕೈಯಲ್ಲಿ ದಶಕಗಳ ಕಾಲ ದುಡಿದದ್ದು. ಡಬ್ಬಿಯಲ್ಲಿದ್ದದ್ದು ಹೊಸದರಂತೆಯೇ ಇರುತ್ತದೆಂಬ ನಂಬಿಕೆ ಸರಿಯಲ್ಲ. ಅದರ ಚಕ್ರಗಳು ಸವೆದಿರುವುದಿಲ್ಲ, ಆದರೆ ಎಣ್ಣೆ ಒಣಗಿ ಅಂಟಾಗಿರುತ್ತದೆ. ಆದ್ದರಿಂದ ಎರಡೂ ಬಗೆಯವನ್ನು ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿಯೇ ಜೋಡಿಸುತ್ತೇವೆ.

ಹಳೆಯ ಮಷೀನು ಹೊಸದಿದ್ದಾಗಿನಷ್ಟೇ ಸರಿಯಾಗಿ ಓಡಲು ಸಾಧ್ಯವೇ?

ಸಾಧ್ಯವಿದೆ, ಆದರೆ ಎಲ್ಲ ಮಷೀನುಗಳಲ್ಲೂ ಅಲ್ಲ. ಉತ್ತರ ಮುಖ್ಯವಾಗಿ ನಾಲ್ಕು ಭಾಗಗಳನ್ನು ಅವಲಂಬಿಸಿದೆ.

ಮೊದಲನೆಯದು ಮೈನ್‌ಸ್ಪ್ರಿಂಗ್, ಅಂದರೆ ಕೀ ಕೊಟ್ಟಾಗ ಸುತ್ತಿಕೊಂಡು ವಾಚನ್ನು ಓಡಿಸುವ ಉಕ್ಕಿನ ಪಟ್ಟಿ. ಹಳೆಯ ಕಾರ್ಬನ್ ಉಕ್ಕಿನ ಸ್ಪ್ರಿಂಗ್ ವರ್ಷಾನುಗಟ್ಟಲೆ ಸುತ್ತಿಕೊಂಡೇ ಇದ್ದರೆ ಅದರ ಕಸುವು ಕುಂದುತ್ತದೆ. ಡ್ರಮ್ಮಿನಿಂದ ಹೊರತೆಗೆದಾಗ ಬಿಚ್ಚಿಕೊಂಡು ಹರಡುವ ಬದಲು ಮುದುಡಿಕೊಂಡೇ ಉಳಿಯುತ್ತದೆ. ಇದನ್ನು ಬದಲಿಸುವುದು ಸುಲಭ, ನಾವು ಬದಲಿಸಿಯೇ ಕೊಡುತ್ತೇವೆ. ಎರಡನೆಯದು, ಅತ್ತಿತ್ತ ಓಲಾಡುತ್ತ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿಗಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದೀಪದ ಕೆಳಗೆ ಹಿಡಿದರೆ ಒಳ್ಳೆಯ ತುದಿ ಕನ್ನಡಿಯಂತೆ ಮಿನುಗುತ್ತದೆ. ಎಣ್ಣೆಯಿಲ್ಲದೆ ಓಡಿದ ತುದಿಯಲ್ಲಿ ಸಣ್ಣ ಗೀರುಗಳು ಕಾಣುತ್ತವೆ, ಕೆಲವೊಮ್ಮೆ ತುದಿಯೇ ಚಪ್ಪಟೆಯಾಗಿರುತ್ತದೆ. ಅಂತಹ ಅಚ್ಚನ್ನು ಉಳಿಸಿಕೊಂಡು ರೆಗ್ಯುಲೇಟರ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಮೂರನೆಯದು ಕಲ್ಲುಗಳು, ಅಂದರೆ ಕೃತಕ ಮಾಣಿಕ್ಯದ ಬೇರಿಂಗುಗಳು. ಅವು ಸವೆಯುವುದು ಅಪರೂಪ, ಬಿದ್ದ ಪೆಟ್ಟಿಗೆ ಸೀಳುವುದುಂಟು.

ನಾಲ್ಕನೆಯದು ಹೇರ್‌ಸ್ಪ್ರಿಂಗ್, ಅಂದರೆ ಬ್ಯಾಲೆನ್ಸ್ ಚಕ್ರವನ್ನು ಅತ್ತಿತ್ತ ಓಲಾಡಿಸುವ ತೆಳು ಸುರುಳಿ. ಹೆಚ್ಚು ತೊಂದರೆ ಕೊಡುವುದೂ ಇದೇ. ಕಾರ್ಖಾನೆಯಲ್ಲಿ ಪ್ರತಿ ಬ್ಯಾಲೆನ್ಸ್ ಚಕ್ರಕ್ಕೂ ಅದರ ತೂಕಕ್ಕೆ ಹೊಂದುವ ಹೇರ್‌ಸ್ಪ್ರಿಂಗನ್ನು ಜೋಡಿ ಮಾಡಿರುತ್ತಾರೆ. ರಿಪೇರಿಯ ಹೆಸರಿನಲ್ಲಿ ಒಂದು ಮಷೀನಿನ ಚಕ್ರವನ್ನೂ ಇನ್ನೊಂದರ ಸ್ಪ್ರಿಂಗನ್ನೂ ಕೂಡಿಸಿಬಿಟ್ಟರೆ ವಾಚು ಓಡುತ್ತದೆ, ಟಿಕ್ ಟಿಕ್ ಎನ್ನುತ್ತದೆ, ಆದರೆ ರೆಗ್ಯುಲೇಟರನ್ನು ಕೊನೆಯವರೆಗೆ ಎಳೆದರೂ ದಿನಕ್ಕೆ ನಿಮಿಷಗಳ ತಪ್ಪು ಹೋಗುವುದಿಲ್ಲ. ಮಾರುಕಟ್ಟೆಯಲ್ಲಿ ಹೊಸದಾಗಿ ಬಣ್ಣ ಬಳಿದ ಡಯಲ್ ಹಾಕಿ ಅಗ್ಗಕ್ಕೆ ಮಾರುವ ಹಳೆಯ ವಾಚುಗಳಲ್ಲಿ ಇಂತಹ ಬೆರಕೆ ಜೋಡಿಗಳು ಸಾಮಾನ್ಯ. ನಾವು ಮಷೀನು ಕೊಳ್ಳುವಾಗ ಮೊದಲು ನೋಡುವುದೇ ರೆಗ್ಯುಲೇಟರ್ ಮುಳ್ಳು ಎಲ್ಲಿದೆ ಎಂಬುದನ್ನು: ನಡುವಿನ ಆಸುಪಾಸಿನಲ್ಲಿದ್ದರೆ ಸಮಾಧಾನ, ಒಂದು ತುದಿಗೆ ಅಂಟಿಕೊಂಡಿದ್ದರೆ ಅನುಮಾನ.

ಮೇಜಿನ ಮೇಲಿಟ್ಟರೆ ಒಂದು ರೀತಿ, ಕೈಗೆ ಕಟ್ಟಿದರೆ ಇನ್ನೊಂದು ರೀತಿ ಓಡುತ್ತದೆ. ಇದು ದೋಷವೇ?

ಮಿತಿಯೊಳಗಿದ್ದರೆ ದೋಷವಲ್ಲ. ವಾಚು ಅಂಗಾತವಾಗಿ ಮಲಗಿದ್ದಾಗ ಬ್ಯಾಲೆನ್ಸ್ ಚಕ್ರವು ನೆಟ್ಟಗೆ ನಿಂತ ಬುಗುರಿಯಂತೆ ಅಚ್ಚಿನ ಒಂದೇ ತುದಿಯ ಮೇಲೆ ತಿರುಗುತ್ತದೆ, ಘರ್ಷಣೆ ಅತ್ಯಲ್ಪ. ವಾಚು ನಿಂತಾಗ ಅಚ್ಚು ಅಡ್ಡವಾಗುತ್ತದೆ, ಅದರ ಎರಡೂ ತುದಿಗಳ ಪಕ್ಕೆಗಳು ಕಲ್ಲಿಗೆ ಉಜ್ಜುತ್ತವೆ, ಘರ್ಷಣೆ ಹೆಚ್ಚುತ್ತದೆ. ಆಗ ಚಕ್ರದ ಓಲಾಟ ಕಡಿಮೆಯಾಗುತ್ತದೆ. ಹೊಸದಾಗಿ ಸರ್ವಿಸ್ ಆದ ಒಳ್ಳೆಯ ಮಷೀನಿನಲ್ಲಿ ಮಲಗಿದಾಗಿನ ಓಲಾಟ ಪ್ರತಿ ಬದಿಗೆ 270ರಿಂದ 300 ಡಿಗ್ರಿಯಷ್ಟಿರುತ್ತದೆ. ನಿಲ್ಲಿಸಿದರೆ 30-40 ಡಿಗ್ರಿ ಇಳಿಯುವುದು ಸಹಜ. ಇದರ ಜೊತೆಗೆ ಚಕ್ರದ ಅಂಚಿನಲ್ಲಿ ಎಲ್ಲೋ ಒಂದು ಕಡೆ ಭಾರ ಕಣದಷ್ಟು ಹೆಚ್ಚಿದ್ದರೂ, ಮಲಗಿದಾಗ ಗೊತ್ತಾಗದ ಆ ಭಾರ ನಿಂತಾಗ ತನ್ನ ಪ್ರಭಾವ ತೋರಿಸುತ್ತದೆ, ಮತ್ತು ಯಾವ ಬದಿ ಕೆಳಗಾಯಿತು ಎಂಬುದರ ಮೇಲೆ ವಾಚು ಮುಂದಕ್ಕೋ ಹಿಂದಕ್ಕೋ ಹೋಗುತ್ತದೆ.

ಹೀಗಾಗಿ ನಾವು ವಾಚನ್ನು ಒಂದೇ ಭಂಗಿಯಲ್ಲಿ ತಿದ್ದುವುದಿಲ್ಲ. ಡಯಲ್ ಮೇಲ್ಮುಖ, ಡಯಲ್ ಕೆಳಮುಖ ಮತ್ತು ಕೀ ಕೆಳಮುಖ, ಈ ಮೂರರಲ್ಲಿ ಅಳೆಯುತ್ತೇವೆ. ಮೂರನೆಯದನ್ನು ಆರಿಸಿರುವುದಕ್ಕೆ ಕಾರಣವಿದೆ: ಎಡಗೈಗೆ ವಾಚು ಕಟ್ಟಿ ಕೈ ಇಳಿಬಿಟ್ಟು ನಿಂತಾಗ, ನಡೆಯುವಾಗ, ಬಸ್ಸಿನಲ್ಲಿ ತೊಡೆಯ ಪಕ್ಕ ಕೈ ಜೋತಾಡುವಾಗ ಕೀ ನೆಲದ ಕಡೆಗಿರುತ್ತದೆ. ಬಲಗೈಗೆ ಕಟ್ಟುವವರಲ್ಲಿ ಇದು ತಿರುಗುಮುರುಗಾಗಿ, ಕೀ ಮೇಲ್ಮುಖವಾಗುತ್ತದೆ. ಆದ್ದರಿಂದ ನೀವು ಯಾವ ಕೈಗೆ ಕಟ್ಟುತ್ತೀರಿ ಎಂಬುದನ್ನು ಆರ್ಡರ್ ಕೊಡುವಾಗಲೇ ತಿಳಿಸಿದರೆ ಅದಕ್ಕೆ ತಕ್ಕಂತೆ ಹೊಂದಿಸಿ ಕೊಡುತ್ತೇವೆ. ಈ ಮಾಹಿತಿಯನ್ನು ತಾವಾಗಿ ಹೇಳುವವರು ಬಹಳ ಕಡಿಮೆ.

ಈ ಭಂಗಿ ವ್ಯತ್ಯಾಸವನ್ನು ನಿಮ್ಮ ಅನುಕೂಲಕ್ಕೂ ಬಳಸಿಕೊಳ್ಳಬಹುದು. ಹಗಲು ಕೈಯಲ್ಲಿ 10 ಸೆಕೆಂಡು ಮುಂದೆ ಹೋಗುವ ವಾಚನ್ನು ಒಂದೆರಡು ರಾತ್ರಿ ಡಯಲ್ ಮೇಲೆ ಮಾಡಿ, ಒಂದೆರಡು ರಾತ್ರಿ ಕೀ ಮೇಲೆ ಮಾಡಿ ಒರಗಿಸಿಟ್ಟು ನೋಡಿ. ಯಾವುದಾದರೂ ಒಂದು ಭಂಗಿಯಲ್ಲಿ ಅದು ನಿಧಾನವಾಗುತ್ತಿದ್ದರೆ ದಿನವೂ ಹಾಗೆಯೇ ಇಡಿ. ಹಗಲಿನ ಗಳಿಕೆ ರಾತ್ರಿಯಲ್ಲಿ ಬಹುಪಾಲು ಕಳೆಯುತ್ತದೆ.

ಸಂಜೆಯ ಹೊತ್ತಿಗೆ, ಅಥವಾ ಒಂದು ದಿನ ಕೀ ಕೊಡದಿದ್ದರೆ, ಓಟ ಬದಲಾಗುವುದೇಕೆ?

ಮೈನ್‌ಸ್ಪ್ರಿಂಗ್ ಪೂರ್ತಿ ಸುತ್ತಿದ್ದಾಗ ಕೊಡುವ ಬಲ, ಬಿಚ್ಚಿಕೊಳ್ಳುತ್ತ ಹೋದಂತೆ ಕಡಿಮೆಯಾಗುತ್ತದೆ. ಓಲಾಟ ದೊಡ್ಡದಿರಲಿ ಚಿಕ್ಕದಿರಲಿ ಪ್ರತಿ ಓಲಾಟಕ್ಕೂ ಒಂದೇ ಸಮಯ ಹಿಡಿಯಬೇಕೆಂಬುದು ಸಿದ್ಧಾಂತ. ವಾಸ್ತವದಲ್ಲಿ ಓಲಾಟ 200 ಡಿಗ್ರಿಗಿಂತ ಕೆಳಗಿಳಿದ ಮೇಲೆ ಆ ಸಿದ್ಧಾಂತವನ್ನು ಯಾವ ಸಾಧಾರಣ ಮಷೀನೂ ಪಾಲಿಸುವುದಿಲ್ಲ. ಪರಿಹಾರ ಸರಳ: ಪ್ರತಿದಿನ ಒಂದೇ ಹೊತ್ತಿಗೆ, ಬೆಳಿಗ್ಗೆ ಕಾಫಿ ಕುಡಿಯುವ ಮುನ್ನವೋ ನಂತರವೋ, ವಾಚನ್ನು ಕೈಯಿಂದ ಬಿಚ್ಚಿಟ್ಟುಕೊಂಡು, ಕೀ ಬಿಗಿಯಾಗಿ ನಿಲ್ಲುವವರೆಗೆ ನಿಧಾನವಾಗಿ ಕೊಡಿ. ನಿಂತ ಮೇಲೆ ಒತ್ತಾಯಿಸಬೇಡಿ. ಹೆಚ್ಚು ಕೀ ಕೊಟ್ಟರೆ ಸ್ಪ್ರಿಂಗ್ ತುಂಡಾಗುತ್ತದೆಂಬ ಭಯದಿಂದ ಅರ್ಧಕ್ಕೇ ನಿಲ್ಲಿಸುವ ಹಿರಿಯರಿದ್ದಾರೆ. ಆ ಭಯ ಅನಗತ್ಯ. ಅರ್ಧ ಕೀ ಕೊಟ್ಟ ವಾಚು ಮರುದಿನ ಬೆಳಗಿನ ಜಾವದ ಹೊತ್ತಿಗೆ ಸುಸ್ತಾಗಿ ಸಮಯ ತಪ್ಪುತ್ತದೆ. ಆಟೊಮ್ಯಾಟಿಕ್ ಮಷೀನುಗಳಲ್ಲಿ ಕೈಯ ಚಲನೆಯಿಂದಲೇ ಕೀ ತುಂಬುವುದರಿಂದ ಈ ತೊಂದರೆ ಕಡಿಮೆ, ಆದರೆ ದಿನವಿಡೀ ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರಿಗೆ ಅದೂ ಪೂರ್ತಿ ತುಂಬುವುದಿಲ್ಲ.

ನಿಮ್ಮ ವಾಚಿಗೆ ಕ್ರೋನೋಮೀಟರ್ ಪ್ರಮಾಣಪತ್ರ ಇದೆಯೇ?

ಇಲ್ಲ. ಕರಾರುವಾಕ್ಕಾಗಿ ಓಡುವ ಮಷೀನಿಗೆ ಸ್ವಿಸ್ ಪರೀಕ್ಷಾ ಸಂಸ್ಥೆಯಾದ ಸಿಒಎಸ್‌ಸಿ ಕೊಡುವ ಆ ಪ್ರಮಾಣಪತ್ರಕ್ಕೆ ಮಷೀನನ್ನು 15 ದಿನಗಳ ಕಾಲ, 5 ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಸೆಲ್ಸಿಯಸ್ ಉಷ್ಣತೆಗಳಲ್ಲಿ ಪರೀಕ್ಷಿಸುತ್ತಾರೆ. ಸಾಮಾನ್ಯ ಅಳತೆಯ ಮಷೀನಿನ ಸರಾಸರಿ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಎಂಬ ಮಿತಿಯೊಳಗಿರಬೇಕು. ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಪರೀಕ್ಷೆಯಲ್ಲಿ ಸರಾಸರಿಯೊಂದೇ ಅಲ್ಲ, ದಿನದಿಂದ ದಿನಕ್ಕೆ ಮತ್ತು ಭಂಗಿಯಿಂದ ಭಂಗಿಗೆ ಆಗುವ ಏರುಪೇರನ್ನೂ ಅಳೆಯುತ್ತಾರೆ. ಜನ ನೆನಪಿಟ್ಟುಕೊಳ್ಳುವುದು 4 ಮತ್ತು 6 ಎಂಬ ಅಂಕಿಗಳನ್ನು ಮಾತ್ರ. ನಮ್ಮ ಕೆಲವು ವಾಚುಗಳು ಮೇಜಿನ ಮೇಲೆ ಈ ಮಿತಿಯೊಳಗೇ ಓಡುತ್ತವೆ. ಆದರೂ ಅವನ್ನು ಕ್ರೋನೋಮೀಟರ್ ಎಂದು ಕರೆಯುವ ಹಕ್ಕು ನಮಗಿಲ್ಲ, ಕರೆಯುವುದೂ ಇಲ್ಲ.

ಹಳೆಯ ಮಷೀನುಗಳಿಗೆ ಆ ಸಾಮರ್ಥ್ಯ ಇರಲಿಲ್ಲವೆಂದಲ್ಲ. ಅಮೆರಿಕದ ಓಹಾಯೊ ರಾಜ್ಯದ ಕಿಪ್ಟನ್ ಎಂಬಲ್ಲಿ 1891ರಲ್ಲಿ ನಡೆದ ರೈಲು ಅಪಘಾತದ ನಂತರ ಅಲ್ಲಿನ ರೈಲ್ವೆಗಳಲ್ಲಿ ಬಿಗಿಯಾದ ವಾಚು ನಿಯಮಗಳು ಬಂದವು. ಸಿಬ್ಬಂದಿಯ ಜೇಬು ಗಡಿಯಾರ ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪುವಂತಿರಲಿಲ್ಲ. ಅವು ದೊಡ್ಡ ಬ್ಯಾಲೆನ್ಸ್ ಚಕ್ರದ ಗಡಿಯಾರಗಳು, ಇಡೀ ದಿನ ಜೇಬಿನಲ್ಲಿ ನಿಂತೇ ಇರುತ್ತಿದ್ದವು, ನಿಯಮಿತವಾಗಿ ತಪಾಸಣೆಗೂ ಒಳಗಾಗುತ್ತಿದ್ದವು. ಜನಸಾಮಾನ್ಯರ ಕೈಗೆಟುಕುವ ಬೆಲೆಗೆ ತಯಾರಾದ ಕೈಗಡಿಯಾರದ ಮಷೀನನ್ನು ಅವುಗಳೊಂದಿಗೆ ಹೋಲಿಸುವುದು ನ್ಯಾಯವಲ್ಲ.

ಹೆಂಗಸರ ಸಣ್ಣ ವಾಚಿಗೆ ಮಿತಿ ಏಕೆ ಸಡಿಲ?

ಸಣ್ಣ ಮಷೀನಿನ ಬ್ಯಾಲೆನ್ಸ್ ಚಕ್ರ ಹಗುರ, ಮೈನ್‌ಸ್ಪ್ರಿಂಗ್ ಕಿರಿದು. ಎಣ್ಣೆ ಸ್ವಲ್ಪ ದಪ್ಪಗಾದರೂ, ಕೈ ಸ್ವಲ್ಪ ಜೋರಾಗಿ ಅಲುಗಿದರೂ ಅದರ ಓಲಾಟದ ಮೇಲೆ ಪರಿಣಾಮ ಹೆಚ್ಚು. ಆದ್ದರಿಂದ ಈ ಮಷೀನುಗಳಿಗೆ ದಿನಕ್ಕೆ 60 ಸೆಕೆಂಡಿನವರೆಗೆ ಹಿಂದೆ ಮುಂದೆ ಆಗುವುದನ್ನು ಸಹಜವೆಂದೇ ಪರಿಗಣಿಸುತ್ತೇವೆ. ಹೆಣ್ಣುಮಕ್ಕಳು ದೊಡ್ಡ ಡಯಲಿನ ವಾಚು ಕಟ್ಟುವುದು ಈಗ ಸಾಮಾನ್ಯವಾಗಿರುವುದರಿಂದ, ಸಮಯವೇ ಮುಖ್ಯವೆನ್ನುವವರಿಗೆ ದೊಡ್ಡ ಮಷೀನಿನ ವಾಚನ್ನೇ ನೋಡುವಂತೆ ಸಲಹೆ ಕೊಡುತ್ತೇವೆ.

ನಮ್ಮ ಕಡೆಯ ಬೇಸಿಗೆಯಿಂದ ವಾಚು ತಪ್ಪುತ್ತದೆಯೇ?

ಒಂದು ಕಾಲದಲ್ಲಿ ಇದು ವಾಚುಗಳ ದೊಡ್ಡ ಕಾಯಿಲೆಯಾಗಿತ್ತು. ಸಾಧಾರಣ ಉಕ್ಕಿನ ಹೇರ್‌ಸ್ಪ್ರಿಂಗ್ ಬಿಸಿಯಾದಂತೆ ಸಡಿಲಗೊಳ್ಳುತ್ತದೆ; ಯಾವ ಸರಿದೂಗಿಕೆಯೂ ಇಲ್ಲದ ವಾಚು ಪ್ರತಿ ಡಿಗ್ರಿ ಏರಿಕೆಗೆ ದಿನಕ್ಕೆ ಹತ್ತು ಸೆಕೆಂಡಿನಷ್ಟು ಹಿಂದೆ ಬೀಳುತ್ತಿತ್ತು. ಉಷ್ಣತೆಗೆ ಅಷ್ಟಾಗಿ ಮಣಿಯದ ನಿಕ್ಕಲ್-ಉಕ್ಕಿನ ಮಿಶ್ರಲೋಹಗಳನ್ನು ರೂಪಿಸಿದ ಷಾರ್ಲ್ ಎದ್ವಾರ್ ಗಿಯೋಮ್ ಅವರಿಗೆ 1920ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂದದ್ದರಲ್ಲಿಯೇ ಆ ಕೆಲಸದ ತೂಕ ತಿಳಿಯುತ್ತದೆ. ನಾವು ಬಳಸುವ ಮಷೀನುಗಳ ಹೇರ್‌ಸ್ಪ್ರಿಂಗುಗಳು ಅಂತಹ ಮಿಶ್ರಲೋಹದವು. ಕೈಗೆ ಕಟ್ಟಿದ ವಾಚಿಗೆ ಮೈಯ ಬಿಸಿಯೇ ಹೆಚ್ಚುಕಡಿಮೆ ಒಂದೇ ಉಷ್ಣತೆಯನ್ನು ಒದಗಿಸುವುದರಿಂದ ಪಾವಗಡದ ಏಪ್ರಿಲ್ ತಿಂಗಳಿಗೂ ತುಮಕೂರಿನ ಡಿಸೆಂಬರಿಗೂ ಕಾಣುವ ವ್ಯತ್ಯಾಸ ದಿನಕ್ಕೆ ಕೆಲವೇ ಸೆಕೆಂಡು. ಆದರೆ ಬಿಸಿಲಿನಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ವಾಚು ಇಡಬೇಡಿ. ಅಲ್ಲಿ ಕೆಡುವುದು ಸಮಯಕ್ಕಿಂತ ಮುಂಚೆ ಎಣ್ಣೆ, ತೆಳುವಾಗಿ ತನ್ನ ಜಾಗ ಬಿಟ್ಟು ಹರಿದುಹೋಗುತ್ತದೆ.

ನಿನ್ನೆಯವರೆಗೆ ಸರಿಯಿದ್ದ ವಾಚು ಒಮ್ಮೆಲೇ ನಿಮಿಷಗಟ್ಟಲೆ ಮುಂದೆ ಓಡುತ್ತಿದೆ. ಏನಾಗಿದೆ?

ಹತ್ತರಲ್ಲಿ ಒಂಬತ್ತು ಸಲ ಆಯಸ್ಕಾಂತ ಹಿಡಿದಿರುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಹೇರ್‌ಸ್ಪ್ರಿಂಗ್ ಎಂಬುದು ತಲೆಗೂದಲಿನಷ್ಟು ತೆಳುವಾದ ಸುರುಳಿ. ಅದು ಕಾಂತತ್ವ ಪಡೆದರೆ ಪಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಿಂಬದಿಯ ಮುಚ್ಚಳ ತೆಗೆದು ಭೂತಗನ್ನಡಿಯಲ್ಲಿ ನೋಡಿದರೆ, ಸಮಾನ ಅಂತರದಲ್ಲಿ ಉಸಿರಾಡಬೇಕಾದ ಸುರುಳಿಯ ಒಂದು ಬದಿ ಗುಂಪುಗೂಡಿ, ಓಲಾಡುವಾಗ ಎರಡು ಸುತ್ತುಗಳು ಕೂಡಿ ಒಂದೇ ಗೆರೆಯಂತೆ ಕಾಣುತ್ತವೆ. ಅಂಟಿಕೊಂಡ ಸ್ಪ್ರಿಂಗ್ ಗಿಡ್ಡವಾದ ಸ್ಪ್ರಿಂಗಿನಂತೆ ವರ್ತಿಸುವುದರಿಂದ ಚಕ್ರ ಬೇಗ ಬೇಗ ಓಲಾಡುತ್ತದೆ, ವಾಚು ಮುಂದೆ ಓಡುತ್ತದೆ.

ಮೊಬೈಲಿನ ಫ್ಲಿಪ್ ಕವರಿನ ಆಯಸ್ಕಾಂತ, ಕೈಚೀಲದ ಗುಂಡಿ, ಬ್ಲೂಟೂತ್ ಸ್ಪೀಕರ್, ಫ್ರಿಜ್ಜಿಗೆ ಅಂಟಿಸುವ ಗೊಂಬೆ, ಹಬ್ಬದ ಧ್ವನಿವರ್ಧಕದ ಪೆಟ್ಟಿಗೆ ಇವೆಲ್ಲವೂ ಕಾರಣವಾಗಬಹುದು. ರಾತ್ರಿ ವಾಚನ್ನೂ ಮೊಬೈಲನ್ನೂ ಒಂದರ ಮೇಲೊಂದು ಇಡುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು. ಮಕ್ಕಳ ದಿಕ್ಸೂಚಿಯೊಂದನ್ನು ಡಯಲಿನ ಮೇಲೆ ಹಿಡಿದಾಗ ಅದರ ಮುಳ್ಳು ಜೋರಾಗಿ ಎಳೆದುಕೊಂಡರೆ ನಮ್ಮ ಊಹೆ ಸರಿಯೆಂದೇ ತಿಳಿಯಿರಿ. ಕಾಂತತ್ವ ತೆಗೆಯುವ ಸಾಧನದಲ್ಲಿ ಇದು ಕ್ಷಣಮಾತ್ರದ ಕೆಲಸ, ನಾವು ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ನಿಮ್ಮ ಊರಿನ ಯಾವುದೇ ಒಳ್ಳೆಯ ವಾಚು ರಿಪೇರಿಯವರಲ್ಲಿಯೂ ಮಾಡಿಸಬಹುದು. ಹತ್ತರಲ್ಲಿ ಉಳಿದ ಒಂದು ಸಲ, ವಾಚು ಬಿದ್ದು ಸುರುಳಿ ಸಿಕ್ಕಾಗಿರುತ್ತದೆ, ಅಥವಾ ಎಣ್ಣೆಯ ಹನಿ ಸುರುಳಿಗೆ ತಗುಲಿರುತ್ತದೆ. ಅದಕ್ಕೆ ಬಿಚ್ಚಲೇಬೇಕು.

ಬೈಕ್ ಓಡಿಸುವಾಗ, ತೋಟದ ಕೆಲಸ ಮಾಡುವಾಗ ಕಟ್ಟಿಕೊಳ್ಳಬಹುದೇ?

ಬೈಕಿಗೆ ತೊಂದರೆಯಿಲ್ಲ. ಸಿಟಿಜನ್ ಮೂಲದ ಈ ಮಷೀನುಗಳಲ್ಲಿ ಬ್ಯಾಲೆನ್ಸಿನ ಅಚ್ಚಿಗೆ ಪೆಟ್ಟು ತಡೆಯುವ ಪ್ಯಾರಾಶಾಕ್ ವ್ಯವಸ್ಥೆ ಇದೆ. ಹಾರೆ, ಗುದ್ದಲಿ ಹಿಡಿಯುವಾಗ, ತೆಂಗಿನಕಾಯಿ ಸುಲಿಯುವಾಗ ಮಾತ್ರ ಬಿಚ್ಚಿಡಿ. ಅಂತಹ ಪೆಟ್ಟುಗಳಲ್ಲಿ ಅಚ್ಚು ಮುರಿಯದಿದ್ದರೂ ಹೇರ್‌ಸ್ಪ್ರಿಂಗ್ ನೆಗೆದು ತಪ್ಪು ಜಾಗದಲ್ಲಿ ಸಿಕ್ಕಿಕೊಳ್ಳಬಹುದು.

ಮನೆಯಲ್ಲಿ ವಾಚಿನ ಓಟವನ್ನು ಸರಿಯಾಗಿ ಅಳೆಯುವುದು ಹೇಗೆ?

ಮೊಬೈಲಿನ ಗಡಿಯಾರ ಸಾಕು, ಅದು ತನ್ನಷ್ಟಕ್ಕೆ ಸಮಯ ಸರಿಪಡಿಸಿಕೊಳ್ಳುವಂತೆ ಸೆಟ್ ಆಗಿರಬೇಕು ಅಷ್ಟೆ. ಹಿಂದೆ ಆಕಾಶವಾಣಿಯ ವಾರ್ತೆಗೆ ಮುನ್ನ ಕೇಳುವ ಪೀಪ್ ಸದ್ದಿಗೆ ವಾಚು ಹೊಂದಿಸುತ್ತಿದ್ದವರು ಈಗ ಅದೇ ಸದ್ದನ್ನು ಮೊಬೈಲ್ ಆಪ್‌ನಲ್ಲಿ ಕೇಳಿ ಹೊಂದಿಸುವುದಿದೆ. ಇಂಟರ್ನೆಟ್ ಮೂಲಕ ಬರುವ ಪ್ರಸಾರ ಕೆಲವು ಸೆಕೆಂಡು ತಡವಾಗಿ ತಲುಪುವುದರಿಂದ ಅದನ್ನು ನೆಚ್ಚಬಾರದು.

ಕೀ ಹೊರಗೆಳೆದಾಗ ಸೆಕೆಂಡಿನ ಮುಳ್ಳು ನಿಲ್ಲದ ಮಷೀನುಗಳು ನಮ್ಮಲ್ಲಿ ಬಹಳಷ್ಟಿವೆ. ಅವನ್ನು ಸೆಕೆಂಡಿಗೆ ಸರಿಯಾಗಿ ಹೊಂದಿಸಲು ಹೆಣಗಬೇಕಿಲ್ಲ, ಏಕೆಂದರೆ ಅಳೆಯಬೇಕಾದುದು ತಪ್ಪನ್ನಲ್ಲ, ತಪ್ಪು ಎಷ್ಟು ಬೆಳೆಯುತ್ತಿದೆ ಎಂಬುದನ್ನು. ಮೊದಲ ಬೆಳಿಗ್ಗೆ ವಾಚು ಮೊಬೈಲಿಗಿಂತ 40 ಸೆಕೆಂಡು ಮುಂದಿದ್ದರೆ ಹಾಗೆಯೇ ಬರೆದಿಟ್ಟುಕೊಳ್ಳಿ. ಏಳು ದಿನಗಳ ನಂತರ ಅದೇ ಹೊತ್ತಿಗೆ 124 ಸೆಕೆಂಡು ಮುಂದಿದ್ದರೆ ವಾರದ ಗಳಿಕೆ 84 ಸೆಕೆಂಡು, ದಿನಕ್ಕೆ 12. ನಡುವಿನ ದಿನಗಳನ್ನೂ ಬರೆದಿಟ್ಟರೆ ಓಟ ಸ್ಥಿರವಾಗಿದೆಯೇ ಎಂಬುದೂ ತಿಳಿಯುತ್ತದೆ, ನಮಗೆ ಬೇಕಾದ ಮಾಹಿತಿಯೂ ಅದೇ. ಈ ವಾರದಲ್ಲಿ ಮುಳ್ಳುಗಳನ್ನು ಮುಟ್ಟಬಾರದು.

ವಾಚಿನ ಸದ್ದು ಕೇಳಿ ಅಂಕಿ ತೋರಿಸುವ ಮೊಬೈಲ್ ಆಪ್‌ಗಳನ್ನು ನಂಬಬಹುದೇ?

ಒಂದು ಮಟ್ಟಿಗೆ ನಂಬಬಹುದು. ವಾಚಿನ ಓಟ ಅಳೆಯುವ ನಮ್ಮ ಉಪಕರಣವಾದ ಟೈಮ್‌ಗ್ರಾಫರ್ ಕೂಡ ಮೈಕ್‌ನಲ್ಲಿ ಟಿಕ್ ಸದ್ದು ಹಿಡಿದೇ ಲೆಕ್ಕ ಹಾಕುವುದು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಮೊಬೈಲಿನ ಮೈಕಿಗೆ ವಾಚನ್ನು ತಾಗಿಸಿ ಹಿಡಿದರೆ ದಿನದ ಓಟದ ಅಂಕಿ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ. ಓಲಾಟದ ಡಿಗ್ರಿಯನ್ನು ಮಾತ್ರ ಆಯಾ ಮಷೀನಿಗೆ ತಕ್ಕ ಕೋನವನ್ನು (ಲಿಫ್ಟ್ ಆಂಗಲ್) ಆಪ್‌ನಲ್ಲಿ ತುಂಬದಿದ್ದರೆ ನಂಬುವಂತಿಲ್ಲ. ಟಿಕ್‌ಗೂ ಟಾಕ್‌ಗೂ ನಡುವಿನ ಅಂತರದ ವ್ಯತ್ಯಾಸವನ್ನು ಅವು ಮಿಲಿಸೆಕೆಂಡುಗಳಲ್ಲಿ ತೋರಿಸುತ್ತವೆ; 1 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದರೆ ಚಿಂತಿಸಬೇಕಿಲ್ಲ. ಆಪ್ ತೋರಿಸುವುದು ಅರ್ಧ ನಿಮಿಷದ, ಒಂದೇ ಭಂಗಿಯ ಓಟವನ್ನು. ವಾರದ ಲೆಕ್ಕಕ್ಕೆ ಅದು ಬದಲಿಯಲ್ಲ, ಆಪ್‌ನ ಚಿತ್ರವೊಂದನ್ನೇ ಕಳುಹಿಸಿದರೆ ನಾವು ದೋಷವೆಂದು ತೀರ್ಮಾನಿಸುವುದೂ ಇಲ್ಲ.

ರೆಗ್ಯುಲೇಟರನ್ನು ನಾವೇ ತಿರುಗಿಸಿಕೊಳ್ಳಬಹುದೇ?

ಬೇಡ. ಪಕ್ಕದಲ್ಲೇ ಇರುವ ಹೇರ್‌ಸ್ಪ್ರಿಂಗಿಗೆ ಸ್ಕ್ರೂಡ್ರೈವರಿನ ತುದಿ ತಾಗಿದರೆ ಬಿಡಿ ಸಿಗದ ಭಾಗವೊಂದು ಹೋದಂತೆಯೇ.

ಎಷ್ಟು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಬೇಕು?

ದಿನವೂ ಕಟ್ಟುವ ವಾಚಿಗೆ ನಾಲ್ಕೈದು ವರ್ಷಕ್ಕೊಮ್ಮೆ. ಹಳೆಯ ವಿನ್ಯಾಸದ ಕೇಸುಗಳಿಗೆ ಧೂಳು, ಬೆವರು ನುಗ್ಗುವುದು ಸುಲಭವಾದ್ದರಿಂದ ಕಲ್ಲು ಗಣಿ, ಇಟ್ಟಿಗೆ ಗೂಡು, ಹಿಟ್ಟಿನ ಗಿರಣಿಗಳಲ್ಲಿ ಕೆಲಸ ಮಾಡುವವರು ಮೂರು ವರ್ಷಕ್ಕೇ ತರುವುದು ಒಳಿತು. ಸಮಯ ಸರಿಯಾಗಿಯೇ ತೋರಿಸುತ್ತಿದೆ, ಸರ್ವಿಸ್ ಏಕೆ ಎಂದು ಕೇಳುವವರಿದ್ದಾರೆ. ಎಣ್ಣೆ ಒಣಗಿದ ಮಷೀನು ಸಹ ಕೆಲವು ಕಾಲ ಸರಿಯಾದ ಸಮಯವನ್ನೇ ತೋರಿಸಬಹುದು, ಆ ಅವಧಿಯಲ್ಲಿ ಅಚ್ಚುಗಳು ಸವೆಯುತ್ತಿರುತ್ತವೆ. ದಿನದ ಓಟ ಬದಲಾಗದಿದ್ದರೂ ಪೂರ್ತಿ ಕೀ ಕೊಟ್ಟ ವಾಚು ಮೊದಲಿಗಿಂತ ಬೇಗ ನಿಲ್ಲತೊಡಗಿದರೆ, ಅದು ಸರ್ವಿಸ್ ಕೇಳುತ್ತಿದೆ ಎಂದೇ ಅರ್ಥ.

ನಮ್ಮ ತಂದೆಯವರ ಹಳೆಯ ವಾಚಿನ ಮಷೀನನ್ನೇ ಹೊಸ ಕೇಸಿಗೆ ಕೂರಿಸಿ ಕೊಡುತ್ತೀರಾ? ಅದಕ್ಕೂ ಇದೇ ಮಿತಿ ಅನ್ವಯಿಸುತ್ತದೆಯೇ?

ಕೂರಿಸಿ ಕೊಡುತ್ತೇವೆ, ಈ ಕೆಲಸ ನಮಗೆ ಇಷ್ಟವೂ ಹೌದು. ಆದರೆ ಮಿತಿಯನ್ನು ಮುಂಗಡವಾಗಿ ಹೇಳುವುದಿಲ್ಲ. ನಾವೇ ಆರಿಸಿದ ಮಷೀನಾದರೆ ಸರಿಯಿಲ್ಲದ್ದನ್ನು ಬದಿಗಿಟ್ಟು ಇನ್ನೊಂದನ್ನು ತೆಗೆದುಕೊಳ್ಳುತ್ತೇವೆ. ತಂದೆಯವರ ಮಷೀನಿಗೆ ಬದಲಿ ಇಲ್ಲ. ಬಿಚ್ಚಿ ನೋಡಿದ ಮೇಲೆ ಅದರ ಸ್ಥಿತಿಯನ್ನೂ, ಯಾವ ಭಾಗ ಬದಲಿಸಿದರೆ ಎಷ್ಟು ಸುಧಾರಿಸಬಹುದೆಂಬುದನ್ನೂ ಬರೆದು ಕೊಡುತ್ತೇವೆ. ಮೂಲ ಭಾಗವನ್ನೇ ಉಳಿಸಿಕೊಂಡು ದಿನಕ್ಕೆ ಒಂದೂವರೆ ನಿಮಿಷದ ತಪ್ಪನ್ನು ಒಪ್ಪಿಕೊಳ್ಳುವವರೂ ಇದ್ದಾರೆ, ಬದಲಿಸಿ ಸರಿಪಡಿಸಿ ಎನ್ನುವವರೂ ಇದ್ದಾರೆ. ಆ ತೀರ್ಮಾನ ಮನೆಯವರದು. ತೆಗೆದ ಭಾಗಗಳನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ ಹಿಂದಿರುಗಿಸುತ್ತೇವೆ.

ಮಿತಿ ಮೀರಿದರೆ ಏನು ಮಾಡಬೇಕು?

ಕೊಂಡ ಒಂದು ವರ್ಷದೊಳಗೆ, ಮೇಲೆ ಹೇಳಿದ ವಾರದ ಲೆಕ್ಕದ ಪ್ರಕಾರ ಮಿತಿ ಮೀರಿದರೆ, ಅಥವಾ ಸರಾಸರಿ ಮಿತಿಯೊಳಗೇ ಇದ್ದರೂ ದಿನದಿಂದ ದಿನಕ್ಕೆ 20 ಸೆಕೆಂಡಿಗಿಂತ ಹೆಚ್ಚು ಏರುಪೇರಾಗುತ್ತಿದ್ದರೆ, ಉಚಿತವಾಗಿ ಸರಿಪಡಿಸಿ ಕೊಡುತ್ತೇವೆ. ನೀರು ಹೊಕ್ಕಿದ್ದು, ಬಿದ್ದದ್ದು, ಬೇರೆಡೆ ಬಿಚ್ಚಿಸಿದ್ದು ಇದರಲ್ಲಿ ಸೇರುವುದಿಲ್ಲ. ತುಮಕೂರಿನವರು ವಾಚನ್ನು ನೇರವಾಗಿ ತಂದುಕೊಡಬಹುದು. ಹೊರಊರಿನವರು ಕೊರಿಯರ್ ಮಾಡುವಾಗ ಏಳು ದಿನಗಳ ಅಂಕಿಗಳನ್ನು ಬರೆದ ಚೀಟಿಯನ್ನು ಜೊತೆಗಿಡಬೇಕು. ಯಾವ ಕೈಗೆ ಕಟ್ಟುತ್ತೀರಿ, ಯಾವ ಹೊತ್ತಿಗೆ ಕೀ ಕೊಡುತ್ತೀರಿ, ರಾತ್ರಿ ಹೇಗೆ ಇಡುತ್ತೀರಿ ಎಂಬುದೂ ಆ ಚೀಟಿಯಲ್ಲಿರಲಿ. ನಾವು ವಾಚನ್ನು ಅದೇ ರೀತಿಯಲ್ಲಿ ಒಂದು ವಾರ ಓಡಿಸಿ ನೋಡಿದ ನಂತರವೇ ಮುಚ್ಚಳ ತೆಗೆಯುವುದರಿಂದ, ಹಿಂದಿರುಗಿಸಲು ಎರಡು ವಾರವಾದರೂ ಬೇಕಾಗುತ್ತದೆ.